ಕ್ಯಾಲ್ವಿನ್ ಒಬ್ಬನ ಹೆಸರೇ ಯಾಕೆ ಉಳಿಯಿತು? ಲ್ಯಾಟಿನ್‌ನಿಂದ ಇಂಗ್ಲಿಷಿಗೆ ಬಂದ ಮತ್ತು ಬಾರದ ಪುಸ್ತಕಗಳ ಕಥೆ

ಪ್ರಾಟೆಸ್ಟಂಟ್ ಕ್ರೈಸ್ತರಲ್ಲಿ ಲೂಥರನ್, ಆಂಗ್ಲಿಕನ್ ಇದ್ದ ಹಾಗೆ ‘ರಿಫಾರ್ಮ್ಡ್’ ಅನ್ನುವ ಒಂದು ದೊಡ್ಡ ಕವಲಿದೆ. ಸ್ವಿಟ್ಜರ್ಲೆಂಡ್, ನೆದರ್ಲೆಂಡ್ಸ್, ಸ್ಕಾಟ್ಲೆಂಡ್, ಹಂಗೇರಿ, ಜರ್ಮನಿಯ ಕೆಲವು ಭಾಗಗಳಲ್ಲಿ ಅದು ಬೇರು ಬಿಟ್ಟಿತು. ಪ್ರೆಸ್ಬಿಟೇರಿಯನ್ ಸಭೆಗಳೂ ಇದಕ್ಕೇ ಸೇರಿದವು. ಈ ಪರಂಪರೆಯ ಬಗ್ಗೆ ಯಾರನ್ನೇ ಕೇಳಿ, ಬಾಯಿಗೆ ಮೊದಲು ಬರುವುದು ಹದಿನಾರನೇ ಶತಮಾನದ ಧರ್ಮಸುಧಾರಕ ಜಾನ್ ಕ್ಯಾಲ್ವಿನ್‌ನ ಹೆಸರು. ಇಡೀ ಪರಂಪರೆಯನ್ನೇ ‘ಕ್ಯಾಲ್ವಿನಿಸಂ’ ಅಂತ ಕರೆಯುವುದೂ ಉಂಟು.

ಆದರೆ ಇದನ್ನು ಕಟ್ಟಿದ್ದು ಕ್ಯಾಲ್ವಿನ್ ಒಬ್ಬನೇ ಅಲ್ಲ. ಅವನು ಜಿನೀವಾದಲ್ಲಿದ್ದ ಕಾಲಕ್ಕೇ ಜ್ಯೂರಿಕ್‌ನಲ್ಲಿ ಹೈನ್ರಿಕ್ ಬುಲ್ಲಿಂಗರ್ ಇದ್ದ. ಇಟಲಿಯಿಂದ ತಪ್ಪಿಸಿಕೊಂಡು ಬಂದ ಪೀಟರ್ ಮಾರ್ಟರ್ ವರ್ಮೀಲಿ, ಜೆರೋಮ್ ಝಾಂಕಿ ಇದ್ದರು. ಹೈಡಲ್‌ಬರ್ಗ್‌ನಲ್ಲಿ ಜಕರಿಯಾಸ್ ಉರ್ಸಿನಸ್ ಇದ್ದ. ಆಮೇಲೆ ಲೈಡನ್‌ನಲ್ಲಿ ಫ್ರಾನ್ಸಿಸ್ಕಸ್ ಜೂನಿಯಸ್, ಅವನ ಬಳಿಕ ಜಿನೀವಾದಲ್ಲಿ ಫ್ರಾನ್ಸಿಸ್ ಟುರೆಟಿನ್, ಉಟ್ರೆಕ್ಟ್‌ನಲ್ಲಿ ಪೆಟ್ರಸ್ ವಾನ್ ಮಾಸ್ಟ್ರಿಕ್ಟ್ ಬಂದರು. ಇವರೆಲ್ಲ ತಮ್ಮ ಕಾಲದಲ್ಲಿ ಯುರೋಪಿನ ಉದ್ದಗಲಕ್ಕೂ ಓದಿಸಿಕೊಂಡವರು. ಕ್ಯಾಲ್ವಿನ್‌ನ ಜೊತೆಗಾರರು ಅವನನ್ನು ಗೌರವಿಸಿದ್ದು ನಿಜ. ಹಾಗಂತ ಅವನನ್ನು ಗುರುಪೀಠದಲ್ಲಿ ಕೂರಿಸಿ ತಾವು ಶಿಷ್ಯರಂತೆ ಕೆಳಗೆ ಕೂತವರಲ್ಲ. ಇವತ್ತು ಇಂಗ್ಲಿಷ್ ಓದುಗರಲ್ಲಿ ಎಷ್ಟು ಜನ ಇವರ ಹೆಸರು ಕೇಳಿದ್ದಾರೆ?

ಇದಕ್ಕೆ ಕಾರಣ ಒಂದೇ ಅಂತ ಹೇಳಲಾಗದು. ಆದರೆ ದೊಡ್ಡ ಕಾರಣ ತುಂಬ ಸರಳವಾದದ್ದು. ಕ್ಯಾಲ್ವಿನ್‌ನ ಪುಸ್ತಕ ಮತ್ತೆ ಮತ್ತೆ ಇಂಗ್ಲಿಷಿಗೆ ಬಂತು. ಉಳಿದವರ ಬಹುಪಾಲು ಬರಹ ಲ್ಯಾಟಿನ್‌ನಲ್ಲೇ ಕೂತಿತು.

ಅವರು ಲ್ಯಾಟಿನ್‌ನಲ್ಲಿ ಬರೆದದ್ದಾದರೂ ಯಾಕೆ? ಜನರಿಗೆ ಅವರವರ ಭಾಷೆಯಲ್ಲೇ ಸತ್ಯವೇದ (ಬೈಬಲ್) ಕೊಡಬೇಕು ಅಂತ ಹೋರಾಡಿದವರು ಇವರೇ ಅಲ್ವಾ? ಹೌದು, ಪ್ರಸಂಗ (ಚರ್ಚಿನಲ್ಲಿ ಕೊಡುವ ಬೋಧನೆ), ಪ್ರಾರ್ಥನೆ, ನಂಬಿಕೆ ಕಲಿಸುವ ಮಕ್ಕಳ ಪ್ರಶ್ನೋತ್ತರ ಎಲ್ಲ ಜನರ ಭಾಷೆಯಲ್ಲೇ ಇದ್ದವು. ಹೈಡಲ್‌ಬರ್ಗ್ ಪ್ರಶ್ನೋತ್ತರ 1563ರಲ್ಲಿ ಮೊದಲು ಬಂದದ್ದು ಜರ್ಮನ್‌ನಲ್ಲಿ. ಆದರೆ ವಿಶ್ವವಿದ್ಯಾಲಯದ ಪಾಠ, ವಾದ, ಪರೀಕ್ಷೆ ಎಲ್ಲ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. ವಿಲಿಯಂ ಏಮ್ಸ್‌ನನ್ನೇ ನೋಡಿ. ಅವನು ಇಂಗ್ಲೆಂಡಿನವನು. ಇಂಗ್ಲೆಂಡಿನ ಚರ್ಚು ಇನ್ನೂ ಸುಧಾರಿಸಬೇಕು ಅನ್ನುವ ಅವನ ಪ್ಯೂರಿಟನ್ ನಿಲುವಿನಿಂದಾಗಿ ಅಲ್ಲಿ ಅವನಿಗೆ ನೆಲೆ ಸಿಗಲಿಲ್ಲ. 1622ರಲ್ಲಿ ನೆದರ್ಲೆಂಡ್ಸ್‌ನ ಫ್ರಾನೆಕರ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. ಅಲ್ಲಿ ಡಚ್ಚರು, ಜರ್ಮನ್ನರು, ಹಂಗೇರಿಯವರು ಒಂದೇ ಕೋಣೆಯಲ್ಲಿ ಕೂತು ಪಾಠ ಕೇಳುತ್ತಿದ್ದರು. ಅವರಿಗೆಲ್ಲ ಅರ್ಥವಾಗುವ ಭಾಷೆ ಒಂದೇ. 1618-19ರಲ್ಲಿ ನೆದರ್ಲೆಂಡ್ಸ್‌ನ ಡಾರ್ಟ್ ಪಟ್ಟಣದಲ್ಲಿ ನಡೆದ ರಿಫಾರ್ಮ್ಡ್ ಚರ್ಚುಗಳ ಮಹಾಸಭೆಯಲ್ಲೂ ಹಾಗೇ ಆಯಿತು. ಬ್ರಿಟನ್ನಿನಿಂದ, ಸ್ವಿಸ್ ಪಟ್ಟಣಗಳಿಂದ, ಜರ್ಮನಿಯ ಸಂಸ್ಥಾನಗಳಿಂದ ಪ್ರತಿನಿಧಿಗಳು ಬಂದಿದ್ದರು. ಚರ್ಚೆ ನಡೆದದ್ದು, ತೀರ್ಮಾನ ಬರೆದದ್ದು ಲ್ಯಾಟಿನ್‌ನಲ್ಲಿ.

ಲ್ಯಾಟಿನ್ ಇದ್ದದ್ದರಿಂದಲೇ ಜಿನೀವಾದ ಪುಸ್ತಕ ಹಂಗೇರಿಗೂ, ಅಮೆರಿಕದ ಹಾರ್ವರ್ಡ್‌ಗೂ ಒಂದೇ ರೂಪದಲ್ಲಿ ಹೋಯಿತು. ಮುಂದೆ ಶಾಲೆಗಳಲ್ಲಿ ಲ್ಯಾಟಿನ್ ಕಲಿಕೆ ಇಳಿಯುತ್ತಾ ಬಂದಾಗ ಅದೇ ಪುಸ್ತಕಗಳು ಒಂದೊಂದಾಗಿ ಮುಚ್ಚಿಕೊಂಡವು.

ಈಗ ಕ್ಯಾಲ್ವಿನ್‌ನ ಮುಖ್ಯ ಪುಸ್ತಕಕ್ಕೆ ಬರೋಣ. ‘ಇನ್‌ಸ್ಟಿಟ್ಯೂಟ್ಸ್’ ಅಂತ ಇಂಗ್ಲಿಷಿನಲ್ಲಿ ಕರೆಯುವ ಇದರ ಮೊದಲ ಲ್ಯಾಟಿನ್ ಮುದ್ರಣ 1536ರಲ್ಲಿ ಬಾಸೆಲ್ ಪಟ್ಟಣದಲ್ಲಿ ಆಯಿತು. (ನಮ್ಮ ಮಂಗಳೂರಿಗೆ 1834ರಲ್ಲಿ ಬಂದು, ಮುದ್ರಣಾಲಯ ತೆರೆದು, ಕಿಟ್ಟೆಲ್‌ರ ನಿಘಂಟನ್ನು ಹೊರತಂದ ಬಾಸೆಲ್ ಮಿಷನ್ನಿನ ಊರೂ ಇದೇ.) ಮೊದಲು ಆರು ಅಧ್ಯಾಯಗಳ ಚಿಕ್ಕ ಪುಸ್ತಕ. ಕ್ಯಾಲ್ವಿನ್ ಅದನ್ನು ತಿದ್ದುತ್ತಾ ಬೆಳೆಸುತ್ತಾ ಹೋದ. 1559ರ ಕೊನೆಯ ಲ್ಯಾಟಿನ್ ಆವೃತ್ತಿಯಲ್ಲಿ ನಾಲ್ಕು ಭಾಗ, ಎಂಬತ್ತು ಅಧ್ಯಾಯಗಳಾದವು.

ಎರಡೇ ವರ್ಷದಲ್ಲಿ, 1561ರಲ್ಲಿ, ಥಾಮಸ್ ನಾರ್ಟನ್ ಇದನ್ನು ಇಂಗ್ಲಿಷಿಗೆ ತಂದ. ಅವನು ವಕೀಲ, ಕವಿ, ನಾಟಕಕಾರ, ಆರ್ಚ್‌ಬಿಷಪ್ ಕ್ರ್ಯಾನ್ಮರ್‌ನ ಅಳಿಯ. ಇಷ್ಟು ಗಹನವಾದ ವಿಷಯದಲ್ಲಿ ತನ್ನ ಮಾತು ಸೇರಿಸಿದರೆ ಅರ್ಥ ಕೆಟ್ಟೀತು ಅನ್ನುವ ಭಯ ಅವನಿಗಿತ್ತು. ಅದಕ್ಕೇ ಇಂಗ್ಲಿಷ್ ಎಷ್ಟು ಬಿಡುತ್ತದೋ ಅಷ್ಟರ ಮಟ್ಟಿಗೆ ಲ್ಯಾಟಿನ್ ಮಾತಿನ ಬೆನ್ನಿಗೇ ಹೋದ. ಆಮೇಲೆ 1813ರಲ್ಲಿ ಜಾನ್ ಆಲನ್, 1845ರಲ್ಲಿ ಹೆನ್ರಿ ಬೆವರಿಜ್, 1960ರಲ್ಲಿ ಫೋರ್ಡ್ ಲೂಯಿಸ್ ಬ್ಯಾಟಲ್ಸ್ ಹೊಸದಾಗಿ ಅನುವಾದಿಸಿದರು. ಬೆವರಿಜ್‌ನ ಅನುವಾದದ ಹಿಂದೆ ಒಂದು ಸಂಘವೇ ಇತ್ತು. ಕ್ಯಾಲ್ವಿನ್‌ನ ಬರಹಗಳನ್ನು ಇಂಗ್ಲಿಷಿಗೆ ತರುವುದಕ್ಕೆಂದೇ 1843ರಲ್ಲಿ ಎಡಿನ್‌ಬರ್ಗ್‌ನಲ್ಲಿ ಕಟ್ಟಿದ ‘ಕ್ಯಾಲ್ವಿನ್ ಟ್ರಾನ್ಸ್‌ಲೇಷನ್ ಸೊಸೈಟಿ’ ಅದು. ಸತ್ಯವೇದದ ಮೇಲಿನ ಅವನ ವ್ಯಾಖ್ಯಾನಗಳನ್ನೂ ಅವರೇ ಸಾಲುಸಾಲಾಗಿ ಹೊರತಂದರು.

ಬುಲ್ಲಿಂಗರ್‌ಗೆ ಇಂಥ ಭಾಗ್ಯ ಪೂರ್ತಿ ಇರಲಿಲ್ಲ ಅಂತಲ್ಲ. ಅವನ ಐವತ್ತು ಪ್ರಸಂಗಗಳ ಸಂಪುಟ 1577ರಲ್ಲಿ ಇಂಗ್ಲಿಷಿಗೆ ಬಂತು. 1586ರಲ್ಲಿ ಆರ್ಚ್‌ಬಿಷಪ್ ವಿಟ್‌ಗಿಫ್ಟ್, ಓದು ಸಾಲದ ಪಾದ್ರಿಗಳು ಅದನ್ನು ಓದಲೇಬೇಕು ಅಂತ ಆಜ್ಞೆ ಮಾಡಿದ. ಅಂದರೆ ಎಲಿಜಬೆತ್ ರಾಣಿಯ ಕಾಲದ ಇಂಗ್ಲೆಂಡಿನ ಹಳ್ಳಿ ಪಾದ್ರಿಗೆ ಬುಲ್ಲಿಂಗರ್ ದಿನಬಳಕೆಯ ಹೆಸರು. ಆಮೇಲೆ ಅದನ್ನು ಹೊಸ ಇಂಗ್ಲಿಷಿಗೆ ತರುವ ಕೆಲಸಕ್ಕೆ ಕ್ಯಾಲ್ವಿನ್‌ಗೆ ಸಿಕ್ಕಂಥ ಒತ್ತಾಸೆ ಸಿಗಲಿಲ್ಲ. ಹೆಸರು ಮಸುಕಾಯಿತು.

ಝಾಂಕಿಗೆ ಆದದ್ದು ಇನ್ನೊಂದು ಥರ. ಅವನು ದೊಡ್ಡ ದೊಡ್ಡ ಸಂಪುಟಗಳನ್ನು ಬರೆದ ಮನುಷ್ಯ. 1769ರಲ್ಲಿ ಅಗಸ್ಟಸ್ ಟಾಪ್ಲೇಡಿ ಅನ್ನುವ ಇಂಗ್ಲಿಷ್ ಪಾದ್ರಿ, ಪೂರ್ವನೇಮಕದ (ಯಾರಿಗೆ ರಕ್ಷಣೆ ಅಂತ ದೇವರು ಮೊದಲೇ ನಿರ್ಧರಿಸಿದ್ದಾನೆ ಅನ್ನುವ ಬೋಧನೆಯ) ಬಗ್ಗೆ ಅವನು ಬರೆದದ್ದನ್ನು ಇಂಗ್ಲಿಷಿನಲ್ಲಿ ತಂದ. ಮುಖಪುಟದಲ್ಲೇ ‘ಬಹುಮಟ್ಟಿಗೆ ಲ್ಯಾಟಿನ್‌ನಿಂದ ಅನುವಾದಿಸಿದ್ದು’ ಅಂತ ಅಚ್ಚಾಗಿದೆ. ಆ ‘ಬಹುಮಟ್ಟಿಗೆ’ ಅನ್ನುವುದನ್ನು ಓದುಗರು ಗಮನಿಸಲಿಲ್ಲ. ಟಾಪ್ಲೇಡಿ ಅವನ ಕಾಲದ ವಾದಕ್ಕೆ ಬೇಕಾದ ಹಾಗೆ ಕತ್ತರಿಸಿದ್ದ, ಸೇರಿಸಿದ್ದ. ತಲೆಮಾರುಗಟ್ಟಲೆ ಇಂಗ್ಲಿಷ್ ಓದುಗರು ಕಂಡ ಝಾಂಕಿ ಇದೊಂದೇ ಪುಸ್ತಕದ ಝಾಂಕಿ. ದೇವರ ಸ್ವಭಾವ, ಸೃಷ್ಟಿ, ಒಡಂಬಡಿಕೆ ಎಲ್ಲದರ ಬಗ್ಗೆ ಬರೆದವನು ಪೂರ್ವನೇಮಕ ಬಿಟ್ಟು ಬೇರೆ ಮಾತೇ ಆಡದವನಾಗಿ ಕಾಣಿಸಿದ. ಇದು ನನಗೆ ತುಂಬ ನೋವಿನ ಸಂಗತಿ.

ಟುರೆಟಿನ್‌ನ ದೈವಶಾಸ್ತ್ರದ ಪುಸ್ತಕದ್ದು ಇನ್ನೂ ದೀರ್ಘವಾದ ಕಥೆ. 1679ರಿಂದ 1685ರವರೆಗೆ ಜಿನೀವಾದಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಇಪ್ಪತ್ತು ವಿಷಯಗಳಿವೆ, ಪ್ರತಿಯೊಂದರೊಳಗೂ ಸರಣಿ ಪ್ರಶ್ನೆಗಳಿವೆ. ಅವನ ಪದ್ಧತಿ ಹೀಗೆ: ಮೊದಲು ಪ್ರಶ್ನೆ. ಕೂಡಲೇ ‘ಹೌದು’ ಅಥವಾ ‘ಅಲ್ಲ’ ಅನ್ನುವ ಒಂದು ಮಾತಿನ ಉತ್ತರ. ಆಮೇಲೆ, ವಾದ ನಿಜವಾಗಿ ಯಾವುದರ ಬಗ್ಗೆ, ಯಾವುದರ ಬಗ್ಗೆ ಅಲ್ಲ ಅಂತ ಗೆರೆ ಕೊರೆಯುವುದು. ಆಮೇಲೆ ಆಧಾರಗಳು. ಕೊನೆಗೆ ಎದುರಾಳಿಯ ಒಂದೊಂದು ಆಕ್ಷೇಪಕ್ಕೂ ಉತ್ತರ. ನಮ್ಮ ಶಾಸ್ತ್ರಗ್ರಂಥಗಳ ಪೂರ್ವಪಕ್ಷ, ಸಿದ್ಧಾಂತ ಗೊತ್ತಿರುವವರಿಗೆ ಈ ನಡೆ ಹೊಸದೇನಲ್ಲ.

ಪಾದ್ರಿಗಳನ್ನು ತಯಾರು ಮಾಡುವ ಅಮೆರಿಕದ ಪ್ರಿನ್ಸ್‌ಟನ್ ಸೆಮಿನರಿ 1812ರಲ್ಲಿ ಶುರುವಾದಾಗ ಇದೇ ಅವರ ಪಠ್ಯ, ಅದೂ ಲ್ಯಾಟಿನ್‌ನಲ್ಲೇ. ವಿದ್ಯಾರ್ಥಿಗಳಿಗೆ ಅದನ್ನು ಅರಗಿಸಿಕೊಳ್ಳುವುದು ಕಷ್ಟವಾಗುತ್ತಾ ಹೋಯಿತು. ಪ್ರಾಧ್ಯಾಪಕ ಚಾರ್ಲ್ಸ್ ಹಾಜ್, ಪ್ರಿನ್ಸ್‌ಟನ್ ಕಾಲೇಜಿನಲ್ಲಿ ಪ್ರಾಚೀನ ಭಾಷೆಗಳನ್ನು ಕಲಿಸುತ್ತಿದ್ದ ಜಾರ್ಜ್ ಮಸ್‌ಗ್ರೇವ್ ಗೈಗರ್‌ನನ್ನು ಅನುವಾದ ಮಾಡಿಕೊಡು ಅಂತ ಕೇಳಿದ. ಗೈಗರ್ ಇಡೀ ಪುಸ್ತಕವನ್ನು ಕೈಬರಹದಲ್ಲಿ ಇಂಗ್ಲಿಷಿಗೆ ತಂದ, ಸುಮಾರು 8,000 ಪುಟ! ಅದು ಅಚ್ಚಾಗಲಿಲ್ಲ. ಲೈಬ್ರರಿಯಲ್ಲಿತ್ತು, ಬೇಕಾದವರು ಹೋಗಿ ನೋಡುತ್ತಿದ್ದರು. 1865ರಲ್ಲಿ ಗೈಗರ್ ತೀರಿಕೊಂಡ. 1870ರ ದಶಕದ ಆರಂಭದಲ್ಲಿ ಹಾಜ್ ತಾನೇ ಇಂಗ್ಲಿಷಿನಲ್ಲಿ ದೊಡ್ಡ ದೈವಶಾಸ್ತ್ರ ಗ್ರಂಥ ಬರೆದ. ಟುರೆಟಿನ್ ಪಠ್ಯದ ಜಾಗದಿಂದ ಸರಿದ. ಆ ಕೈಬರಹ ಕೊನೆಗೆ ಅಚ್ಚು ಕಂಡದ್ದು 1992ರಿಂದ 1997ರ ನಡುವೆ, ಜೇಮ್ಸ್ ಡೆನಿಸನ್ ಅವರ ಸಂಪಾದನೆಯಲ್ಲಿ ಮೂರು ಸಂಪುಟಗಳಾಗಿ. ಅನುವಾದಕ ಸತ್ತು 127 ವರ್ಷ ಕಳೆದ ಮೇಲೆ ಮೊದಲ ಸಂಪುಟ!

ಈ ನಡುವೆ ಏನಾಯಿತು ಅಂದರೆ, ಒಂದು ಕಥೆ ಬೆಳೆದುಬಿಟ್ಟಿತು. ಕ್ಯಾಲ್ವಿನ್ ಸತ್ಯವೇದವನ್ನೇ ನೆಚ್ಚಿದ, ಹೃದಯ ಮುಟ್ಟುವ ಬರಹಗಾರ. ಅವನ ನಂತರದವರು ಅವನ ಮಾತನ್ನು ಒಣ ತರ್ಕಕ್ಕೆ ಇಳಿಸಿದ ಪಂಡಿತರು. ಇಪ್ಪತ್ತನೇ ಶತಮಾನದ ಬಹುಪಾಲು ಇದೇ ಚಾಲ್ತಿಯಲ್ಲಿದ್ದ ಮಾತು. ರಿಚರ್ಡ್ ಮುಲ್ಲರ್ ಅವರಂಥ ವಿದ್ವಾಂಸರು ಆ ಲ್ಯಾಟಿನ್ ಪುಸ್ತಕಗಳನ್ನು ಮತ್ತೆ ಕೂತು ಓದಿ, ಈ ಚಿತ್ರ ನಿಲ್ಲುವುದಿಲ್ಲ ಅಂತ ತೋರಿಸಿದರು. ಪಾಂಡಿತ್ಯದ ಆ ಪದ್ಧತಿ ಪಾಠ ಹೇಳುವ ಒಂದು ಕ್ರಮ. ಅದರಿಂದಲೇ ಒಳಗಿನ ನಂಬಿಕೆ ಬದಲಾಗಿಬಿಡುವುದಿಲ್ಲ.

ಇದಕ್ಕೆ ಕ್ಯಾಲ್ವಿನ್‌ನಿಂದಲೇ ಒಂದು ಉದಾಹರಣೆ ನೋಡೋಣ. ಸ್ವಲ್ಪ ನಿಧಾನಕ್ಕೆ ಓದಬೇಕು. ಅನುವಾದಕರ ಕಷ್ಟವೂ ಇಲ್ಲೇ ಗೊತ್ತಾಗುತ್ತದೆ.

‘ಇನ್‌ಸ್ಟಿಟ್ಯೂಟ್ಸ್’ನ ಮೊದಲ ಭಾಗ, ಹದಿನಾರನೇ ಅಧ್ಯಾಯ, ಒಂಬತ್ತನೇ ವಿಭಾಗ. ಎಲ್ಲ ದೇವರ ಸಂಕಲ್ಪದಂತೆ ನಡೆಯುತ್ತದೆ ಅಂದರೆ ಆಕಸ್ಮಿಕ ಅನ್ನುವುದೇ ಇಲ್ಲವೇ? ಕ್ಯಾಲ್ವಿನ್ ಕ್ರಿಸ್ತನ ಮೂಳೆಗಳ ಮಾತು ತೆಗೆಯುತ್ತಾನೆ. ಯೋಹಾನನ ಸುವಾರ್ತೆಯಲ್ಲಿ, ಶಿಲುಬೆಯ ಮೇಲಿದ್ದ ಯೇಸುವಿನ ಕಾಲು ಮುರಿಯದೆ ಸೈನಿಕರು ಬಿಟ್ಟರು ಅಂತ ಬರುತ್ತದೆ. ಆ ಮೂಳೆಗಳು ನಮ್ಮ ಮೂಳೆಗಳಂಥವೇ, ಮುರಿಯಬಲ್ಲವು. ಆದರೂ ದೇವರ ಸಂಕಲ್ಪ ಹಾಗಿದ್ದದ್ದರಿಂದ ಅವು ಮುರಿಯುವುದು ಸಾಧ್ಯವಿರಲಿಲ್ಲ. ಸ್ವಭಾವದಲ್ಲಿ ‘ಆಗಬಹುದು’, ಸಂಕಲ್ಪದ ದೃಷ್ಟಿಯಲ್ಲಿ ‘ಆಗದು’. ಎರಡೂ ಒಟ್ಟಿಗೇ ನಿಜ. ಇಷ್ಟು ಹೇಳಿ ಅವನು, ಮಧ್ಯಯುಗದ ಪಂಡಿತರು ಮಾಡಿದ ‘ನೆಸೆಸಿತಾಸ್ ಕಾನ್ಸಿಕ್ವೆಂತಿಸ್’ ಮತ್ತು ‘ನೆಸೆಸಿತಾಸ್ ಕಾನ್ಸಿಕ್ವೆಂತಿಯೇ’ ಎಂಬ ವಿಂಗಡಣೆ ಸುಮ್ನೆ ಹುಟ್ಟಿದ್ದಲ್ಲ ಅನ್ನುತ್ತಾನೆ.

ಮೊದಲನೆಯದು ಸಂಗತಿಗೇ ಅಂಟಿದ ಅನಿವಾರ್ಯತೆ. ಎರಡನೆಯದು, ಇದು ನಿಜವಾದರೆ ಅದೂ ನಿಜ ಅನ್ನುವ ತರ್ಕದ ಅನಿವಾರ್ಯತೆ. ಆರನೇ ಶತಮಾನದ ಬೊಯೆಥಿಯಸ್ ಕೊಟ್ಟ ಉದಾಹರಣೆಯಿಂದ ಹೇಳುವುದಾದರೆ: ಒಬ್ಬ ಮನುಷ್ಯ ಕೂತಿರುವುದನ್ನು ನೀವು ನೋಡುತ್ತಿದ್ದೀರಿ. ನೀವು ನೋಡುತ್ತಿರುವುದು ನಿಜವಾದರೆ ಅವನು ಕೂತಿರಲೇಬೇಕು. ಆದರೆ ನೀವು ನೋಡಿದ್ದರಿಂದ ಅವನು ಕೂತದ್ದಲ್ಲ. ಅವನು ಎದ್ದು ಹೋಗಬಹುದಿತ್ತು. ಮನುಷ್ಯನನ್ನು ಕಲ್ಲಿನ ಥರ, ಯಂತ್ರದ ಥರ ಕಾಣುವ ಸಿದ್ಧಾಂತ ನಮ್ಮದಲ್ಲ ಅಂತ ರಿಫಾರ್ಮ್ಡ್ ಲೇಖಕರು ಹೇಳುವುದಕ್ಕೆ ಈ ವಿಂಗಡಣೆ ಬಹಳ ಮುಖ್ಯ. ಅನುವಾದಕ ಇವೆರಡನ್ನೂ ‘ಅನಿವಾರ್ಯ’ ಅಂತ ಒಂದೇ ಮಾತಿನಲ್ಲಿ ಮುಗಿಸಿದರೆ ಏನಾಗುತ್ತದೆ? ಲೇಖಕ ಯಾವುದನ್ನು ಅಲ್ಲಗಳೆಯುತ್ತಿದ್ದನೋ ಅದನ್ನೇ ಅವನ ಬಾಯಲ್ಲಿ ಹೇಳಿಸಿದ ಹಾಗಾಗುತ್ತದೆ. ವಿಧಿವಾದಿಗಳು ಅನ್ನುವ ಆರೋಪ ಈ ಪರಂಪರೆಯ ಮೇಲೆ ಹಳೆಯದು. ಅದರಲ್ಲಿ ಒಂದು ಪಾಲಾದರೂ ಇಂಥ ಸೂಕ್ಷ್ಮಗಳನ್ನು ಗಮನಿಸದ ಓದಿನಿಂದ ಬಂದದ್ದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮುಲ್ಲರ್ ಅವರು 1985ರಲ್ಲಿ ಇಂಥ ಲ್ಯಾಟಿನ್, ಗ್ರೀಕ್ ಪದಗಳಿಗೇ ಒಂದು ನಿಘಂಟು ಹೊರತಂದರು. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರ ಮೇಜಿನ ಮೇಲೆ ಅದು ಇದ್ದೇ ಇರುತ್ತದೆ.

ಇನ್ನು ಕೆಲಸ ಹೇಗೆ ನಡೆಯುತ್ತದೆ ಅಂತ ನೋಡೋಣ. ಹದಿನೇಳನೇ ಶತಮಾನದ ಒಂದು ಪುಟ ಎದುರಿಗಿದೆ ಅಂದುಕೊಳ್ಳಿ. ಕಾಗದ ಉಳಿಸಲು ಮುದ್ರಕರು ಪದಗಳನ್ನು ಮೊಟಕು ಮಾಡಿದ್ದಾರೆ. ಸ್ವರದ ಮೇಲೊಂದು ಗೆರೆ ಇದ್ದರೆ ಅಲ್ಲಿ ಎಮ್ ಅಥವಾ ಎನ್ ಅಕ್ಷರ ಬಿಟ್ಟಿದ್ದಾರೆ ಅಂತ ಅರ್ಥ. ಉದ್ದನೆಯ ಎಸ್ ಅಕ್ಷರ ನೋಡಲು ಎಫ್ ಥರ. ಯು ಮತ್ತು ವಿ ಒಂದರ ಜಾಗದಲ್ಲಿ ಇನ್ನೊಂದು ಬರುತ್ತದೆ. ನಡುನಡುವೆ ಗ್ರೀಕ್, ಹೀಬ್ರೂ. ಕಂಪ್ಯೂಟರಿಗೆ ಇಂಥ ಪುಟದ ಚಿತ್ರ ಕೊಟ್ಟು ಅಕ್ಷರ ಮಾಡಿಸಿದರೆ ತಪ್ಪುಗಳು ರಾಶಿ ಬೀಳುತ್ತವೆ.

ಅದಕ್ಕಿಂತ ಜಾಸ್ತಿ ಸಮಯ ತಿನ್ನುವುದು ಅಂಚಿನ ಟಿಪ್ಪಣಿಗಳು. ‘ಅಗ., ಮೂರನೇ ಪುಸ್ತಕ, ನಾಲ್ಕನೇ ಅಧ್ಯಾಯ’ ಅಂತ ಅರೆಬರೆ ಗುರುತು ಇರುತ್ತದೆ. ಅದು ಹಳೆಯ ಕಾಲದ ಕ್ರೈಸ್ತ ದೈವಶಾಸ್ತ್ರಜ್ಞ ಅಗಸ್ಟೀನ್ ಅಂತ ಗೊತ್ತಾದೀತು. ಅವನ ಯಾವ ಪುಸ್ತಕ? ಹುಡುಕಿ, ಇವತ್ತಿನ ಮುದ್ರಣದಲ್ಲಿ ಎಲ್ಲಿದೆ ಅಂತ ಕೊಡಬೇಕು. ಕೆಲವೊಮ್ಮೆ ಲೇಖಕ ನೆನಪಿನಿಂದ ಬರೆದಿರುತ್ತಾನೆ, ಆ ಮಾತು ಅಲ್ಲಿ ಸಿಗುವುದೇ ಇಲ್ಲ. ಎದುರಾಳಿಗಳನ್ನೂ ಹುಡುಕಬೇಕು. ಕ್ಯಾಥೊಲಿಕ್ ಪಂಡಿತ ಕಾರ್ಡಿನಲ್ ಬೆಲ್ಲರ್ಮೀನ್ ಏನು ಹೇಳಿದ್ದ, ತ್ರಯೈಕ್ಯವನ್ನು ಒಪ್ಪದ ಪೋಲೆಂಡಿನ ಸೊಸೀನಿಯನ್ನರು ಏನು ಹೇಳಿದ್ದರು ಅಂತ ನೋಡದೆ ಟುರೆಟಿನ್‌ನ ಉತ್ತರ ಪೂರ್ತಿ ಅರ್ಥವಾಗದು.

ಸತ್ಯವೇದದ ಉಲ್ಲೇಖಗಳಲ್ಲಿ ಇನ್ನೊಂದು ಬಲೆ ಇದೆ. ಇವರಲ್ಲಿ ಅನೇಕರು ಬಳಸಿದ್ದು ಟ್ರೆಮೆಲ್ಲಿಯಸ್ ಮತ್ತು ಜೂನಿಯಸ್ 1570ರ ದಶಕದಲ್ಲಿ ಹೀಬ್ರೂನಿಂದ ಮಾಡಿದ ಲ್ಯಾಟಿನ್ ಹಳೆ ಒಡಂಬಡಿಕೆ, ಮತ್ತು ಥಿಯೋಡೋರ್ ಬೆಜಾನ ಲ್ಯಾಟಿನ್ ಹೊಸ ಒಡಂಬಡಿಕೆ. ವಚನ ಬಂದ ಕಡೆ ಪ್ರಸಿದ್ಧ ಇಂಗ್ಲಿಷ್ ಸತ್ಯವೇದದ ವಾಕ್ಯವನ್ನು ಎತ್ತಿ ಹಾಕಿಬಿಡುವುದು ಸುಲಭ. ಆದರೆ ಲೇಖಕನ ವಾದ ಆ ಲ್ಯಾಟಿನ್ ವಾಕ್ಯದ ಒಂದು ಮಾತಿನ ಮೇಲೆ ನಿಂತಿದ್ದರೆ, ಹೀಗೆ ಮಾಡಿದ ಕೂಡಲೇ ವಾದ ಬಿದ್ದುಹೋಗುತ್ತದೆ. ಓದುಗನಿಗೆ ಲೇಖಕನೇ ತಪ್ಪು ಮಾಡಿದ ಹಾಗೆ ಕಾಣಿಸುತ್ತದೆ.

ಇಷ್ಟೆಲ್ಲ ತಿಳಿದವರು ಕಡಿಮೆ, ಕೊಳ್ಳುವವರೂ ಕಡಿಮೆ. ಹಾಗಿದ್ದೂ ಈಚಿನ ವರ್ಷಗಳಲ್ಲಿ ನಡೆದಿರುವ ಕೆಲಸ ನೋಡಿದರೆ ಮನಸ್ಸು ತುಂಬುತ್ತದೆ. 1625ರಲ್ಲಿ ಲೈಡನ್‌ನ ನಾಲ್ವರು ಪ್ರಾಧ್ಯಾಪಕರು ಸೇರಿ ಹೊರತಂದ 52 ಚರ್ಚೆಗಳ ‘ಸಿನಾಪ್ಸಿಸ್’ 2014ರಿಂದ 2020ರ ನಡುವೆ ಮೂರು ಸಂಪುಟಗಳಲ್ಲಿ ಬಂತು. ಒಂದು ಕಡೆ ಲ್ಯಾಟಿನ್, ಎದುರು ಪುಟದಲ್ಲಿ ಇಂಗ್ಲಿಷ್. ಡಾರ್ಟ್ ಸಭೆ ಮುಗಿದ ಮೇಲೆ ಸಭಾಪಾಲಕರಿಗೆ ಏನು ಕಲಿಸುತ್ತಿದ್ದರು ಅಂತ ತಿಳಿಯಲು ಇದಕ್ಕಿಂತ ನೇರ ದಾರಿ ಇಲ್ಲ.

ವಾನ್ ಮಾಸ್ಟ್ರಿಕ್ಟ್‌ನ ದೈವಶಾಸ್ತ್ರದ ಪುಸ್ತಕ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. 1747ರಲ್ಲಿ ಅಮೆರಿಕದ ದೈವಶಾಸ್ತ್ರಜ್ಞ ಜೋನಾಥನ್ ಎಡ್ವರ್ಡ್ಸ್ ತನ್ನ ಗೆಳೆಯ ಜೋಸೆಫ್ ಬೆಲ್ಲಮಿಗೆ ಒಂದು ಕಾಗದ ಬರೆದ. ವಾದಗಳಲ್ಲಿ ಪಳಗಬೇಕಾದರೆ ಟುರೆಟಿನ್ ಒಳ್ಳೆಯದು, ಆದರೆ ಇಡೀ ದೈವಶಾಸ್ತ್ರಕ್ಕೆ ಸತ್ಯವೇದ ಒಂದನ್ನು ಬಿಟ್ಟರೆ ಜಗತ್ತಿನಲ್ಲಿ ಮಾಸ್ಟ್ರಿಕ್ಟ್‌ಗೆ ಸಮನಾದ ಪುಸ್ತಕ ಇಲ್ಲ ಅನ್ನುವುದು ಅದರ ಸಾರ. ಇಂಥ ಪುಸ್ತಕದಿಂದ ಹೊಸ ಹುಟ್ಟಿನ ಬಗೆಗಿನ ಒಂದು ಭಾಗ ಮಾತ್ರ ಆ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಪೂರ್ಣ ಅನುವಾದದ ಮೊದಲ ಸಂಪುಟ ಹೊರಬಂದದ್ದು 2018ರಲ್ಲಿ. ಅನುವಾದ ಟಾಡ್ ರೆಸ್ಟರ್ ಅವರದು, ಸಂಪಾದನೆ ಜೋಯಲ್ ಬೀಕಿ ಅವರದು. ಪುಸ್ತಕದ ಕಟ್ಟು ನೋಡಿ: ಪ್ರತಿಯೊಂದು ವಿಷಯಕ್ಕೂ ನಾಲ್ಕು ಹೆಜ್ಜೆ. ಮೊದಲು ಒಂದು ವಚನವನ್ನು ಹೀಬ್ರೂ ಇಲ್ಲವೇ ಗ್ರೀಕ್‌ನಲ್ಲಿ ಬಿಡಿಸುವುದು. ಆಮೇಲೆ ಅದರಿಂದ ಸಿದ್ಧಾಂತ. ಆಮೇಲೆ ಎದುರಾಳಿಗಳಿಗೆ ಉತ್ತರ. ಕೊನೆಗೆ, ಇದನ್ನು ನಂಬಿದವನು ಬದುಕಬೇಕಾದದ್ದು ಹೇಗೆ ಅನ್ನುವುದು. ದೇವರ ಗುಣಗಳಂಥ ಗಹನ ವಿಷಯವನ್ನೂ ಅವನು ಪ್ರಾರ್ಥನೆ, ಸಮಾಧಾನ, ಪಶ್ಚಾತ್ತಾಪದವರೆಗೆ ತಂದು ಬಿಡುತ್ತಾನೆ. ‘ಒಣ ಪಂಡಿತರು’ ಅನ್ನುವವರು ಈ ಕೊನೆಯ ಹೆಜ್ಜೆಯನ್ನು ಒಂದೇ ಒಂದು ವಿಷಯದಲ್ಲಾದರೂ ಓದಬೇಕು.

ಮೂಲಗಳನ್ನು ಹುಡುಕುವುದೂ ಈಗ ಸುಲಭ. ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಕ್ಯಾಲ್ವಿನ್ ಸೆಮಿನರಿಯ ಜೂನಿಯಸ್ ಇನ್‌ಸ್ಟಿಟ್ಯೂಟ್ ನಡೆಸುವ ‘ಪೋಸ್ಟ್-ರಿಫಾರ್ಮೇಷನ್ ಡಿಜಿಟಲ್ ಲೈಬ್ರರಿ’ಯಲ್ಲಿ ಲೇಖಕನ ಹೆಸರು ಹಾಕಿದರೆ, ಯುರೋಪಿನ ಯಾವ ಯಾವ ಗ್ರಂಥಾಲಯ ಅವನ ಹಳೆಯ ಮುದ್ರಣಗಳ ಸ್ಕ್ಯಾನ್ ಇಟ್ಟಿದೆ ಅಂತ ಕೊಂಡಿಗಳ ಸಮೇತ ಸಿಗುತ್ತದೆ. ಹಿಂದೆ ಇದಕ್ಕೆ ಜಿನೀವಾಕ್ಕೋ ಲೈಡನ್‌ಗೋ ಹೋಗಬೇಕಿತ್ತು.

ಯಂತ್ರಾನುವಾದ ಬಂದಿದೆಯಲ್ಲ, ಇನ್ನೇನು ಚಿಂತೆ ಅನ್ನಬಹುದು. ಒಂದು ಅಧ್ಯಾಯದಲ್ಲಿ ಏನಿದೆ ಅಂತ ಅಂದಾಜು ಸಿಗುವುದಕ್ಕೆ ಅದು ಸಾಕು, ಬಳಸಬೇಕು ಕೂಡ. ಆದರೆ ಮೇಲೆ ಹೇಳಿದ ಎರಡು ಥರದ ಅನಿವಾರ್ಯತೆ ಬಂದಾಗ, ಮೊಟಕು ಅಕ್ಷರ ತಪ್ಪಾಗಿ ಓದಿಕೊಂಡಾಗ, ಅಂಚಿನ ಟಿಪ್ಪಣಿ ಎತ್ತಲೋ ಹೋದಾಗ, ಗೊತ್ತಿದ್ದವರು ಕೂತು ನೋಡದೆ ವಿಧಿಯಿಲ್ಲ.

ಓದಲು ಮನಸ್ಸಿದ್ದವರಿಗೆ ಒಂದು ಮಾತು. ಅನುವಾದ ಕೈಗೆತ್ತಿಕೊಂಡಾಗ ಮುಖಪುಟ, ಮುನ್ನುಡಿ ಮೊದಲು ನೋಡಿ. ಯಾವ ಮುದ್ರಣದಿಂದ ಅನುವಾದ, ಪೂರ್ಣವೋ ಆಯ್ದದ್ದೋ, ನೇರ ಲ್ಯಾಟಿನ್‌ನಿಂದಲೋ ಡಚ್‌ನಿಂದಲೋ ಅಂತ ಅಲ್ಲೇ ಇರುತ್ತದೆ. ಶುರು ಮಾಡಲು ಜೂನಿಯಸ್‌ನ 1594ರ ‘ನಿಜವಾದ ದೈವಶಾಸ್ತ್ರದ ಬಗ್ಗೆ’ ಎಂಬ ಚಿಕ್ಕ ಪುಸ್ತಕ ಒಳ್ಳೆಯದು. ಡೇವಿಡ್ ನೋ ಅವರ ಇಂಗ್ಲಿಷ್ ಅನುವಾದ 2014ರಲ್ಲಿ ಬಂದಿದೆ. ದೇವರು ತನ್ನನ್ನು ತಾನು ಅರಿತಿರುವ ಜ್ಞಾನ ಬೇರೆ, ನಮಗೆ ಕೊಟ್ಟಿರುವ ಜ್ಞಾನ ಬೇರೆ. ನಮ್ಮದು ಇನ್ನೂ ದಾರಿಯಲ್ಲಿರುವವರ ಜ್ಞಾನ ಅಂತ ಅವನು ವಿಂಗಡಿಸುತ್ತಾನೆ. ಮುಂದಿನ ನೂರು ವರ್ಷದ ಲೇಖಕರು ಈ ವಿಂಗಡಣೆಯನ್ನು ಗೊತ್ತಿದೆ ಅಂದುಕೊಂಡೇ ಬರೆಯುತ್ತಾರೆ. ಅದು ಮುಗಿದ ಮೇಲೆ ಮಾಸ್ಟ್ರಿಕ್ಟ್‌ನ ಮೊದಲ ಸಂಪುಟ ಹಿಡಿಯಿರಿ. ಟುರೆಟಿನ್‌ನನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕಿಲ್ಲ. ನಿಮ್ಮನ್ನು ಕಾಡುವ ಒಂದು ಪ್ರಶ್ನೆ ಆರಿಸಿಕೊಳ್ಳಿ, ಆ ಪುಟ ತೆರೆಯಿರಿ, ಅವನು ಗೆರೆ ಎಲ್ಲಿ ಕೊರೆಯುತ್ತಾನೆ ಅಂತ ನೋಡಿ.